ಗುಡ್ಡದ ಕುಳ್ಳ ಮರ ಯಾರ ಕೃತಿ?

ಕನ್ನಡದ ಕತೆ, ಕವಿತೆಗಳಲ್ಲಿ ‘ಬೋನ್ಸಾಯ್’ ಎಂಬ ಪದ ಬಂದಿತೆಂದರೆ ಮುಂದೆ ಏನು ಬರಲಿದೆ ಎಂಬುದನ್ನು ಓದುಗರು ಮೊದಲೇ ಊಹಿಸಿಬಿಡುತ್ತಾರೆ. ಮನೆಯೊಳಗೆ ಕುಗ್ಗಿಹೋದ ಒಬ್ಬ ಹೆಣ್ಣುಮಗಳು ಬರುತ್ತಾಳೆ, ಇಲ್ಲವೇ ಅಂಕಪಟ್ಟಿಯ ಅಳತೆಗೆ ತಕ್ಕಂತೆ ಕತ್ತರಿಸಲ್ಪಟ್ಟ ಒಂದು ಮಗು. ಕತ್ತರಿ ಅಪ್ಪನ ಕೈಯಲ್ಲೋ ಗಂಡನ ಕೈಯಲ್ಲೋ ಇರುತ್ತದೆ. ಉರ್ದು ಕತೆಗಳೂ ಈ ಚಟದಿಂದ ದೂರವಿಲ್ಲ. ಅಮೆರಿಕದ ಸ್ತ್ರೀವಾದಿ ಕವಿ ಮಾರ್ಜ್ ಪಿಯರ್ಸಿ ಅವರ ‘ಎ ವರ್ಕ್ ಆಫ್ ಆರ್ಟಿಫಿಸ್’ ಈ ರೂಪಕದ ಅತ್ಯಂತ ಪ್ರಸಿದ್ಧ ಕವಿತೆ. ಬೆಟ್ಟದ ಮೈಯಲ್ಲಿ ಇದ್ದಿದ್ದರೆ ಮುಗಿಲೆತ್ತರ ಬೆಳೆಯಬಹುದಾಗಿದ್ದ ಮರವನ್ನು ಮಾಲಿಯೊಬ್ಬ ಗೇಣುದ್ದ ಮಾಡಿಟ್ಟ ಕತೆ ಅದು. ಆ ಕವಿತೆಯ ಸಿಟ್ಟು ನ್ಯಾಯವಾದದ್ದೇ. ಆದರೆ ಅದರ ಬೆಟ್ಟ ಕವಿಯ ಬೆಟ್ಟ. ನಿಜವಾದ ಬೆಟ್ಟ ತನ್ನ ಮೈಮೇಲಿನ ಎಲ್ಲ ಮರಗಳನ್ನೂ ಎತ್ತರಕ್ಕೆ ಬೆಳೆಸುವುದಿಲ್ಲ.

ಕಾರವಾರದಿಂದ ಅಂಕೋಲೆಗೆ ಹೋಗುವ ಹೆದ್ದಾರಿಯ ಬದಿಯ ಅಮದಳ್ಳಿಯಲ್ಲಿ ನಿಂತು ನೋಡಿ. ಒಂದು ಕಡೆ ಅರಬ್ಬಿ ಸಮುದ್ರ, ಇನ್ನೊಂದು ಕಡೆ ಬೆನ್ನಿಗೇ ಬೆಟ್ಟ. ಸಹ್ಯಾದ್ರಿ ಕಡಲಿಗೆ ಇಷ್ಟು ಹತ್ತಿರ ಬರುವ ಜಾಗಗಳು ನಮ್ಮ ಕರಾವಳಿಯಲ್ಲಿ ಹೆಚ್ಚಿಲ್ಲ. ಬೆಟ್ಟದ ಒಳಮೈಯಲ್ಲಿ ಮತ್ತಿ, ಹೊನ್ನೆ, ನಂದಿ ಮರಗಳು ಎತ್ತರಕ್ಕೇ ಬೆಳೆಯುತ್ತವೆ. ಕಡಲಿಗೆ ಮುಖ ಮಾಡಿದ ಚಿರೆಕಲ್ಲಿನ ಬೋಳು ನೆತ್ತಿಯ ಕತೆಯೇ ಬೇರೆ. ಅಲ್ಲಿ ಕವಳಿ ಗಿಡ ಮೊಣಕಾಲೆತ್ತರದಲ್ಲೇ ನಿಂತಿರುತ್ತದೆ, ಅದರ ಬುಡ ಮಾತ್ರ ಮುಂಗೈ ದಪ್ಪ. ಕುಂಟು ನೇರಳೆ ತನ್ನ ಹೆಸರಿಗೆ ತಕ್ಕಂತೆ ಬಾಗಿ ಬಂಡೆಗೆ ಅಂಟಿಕೊಂಡಿರುತ್ತದೆ. ಕೇಪಳದ ಪೊದೆ ಸೊಂಟದ ಮೇಲೆ ಏಳುವುದಿಲ್ಲ. ಕಡಲ ಕಡೆಯ ಚಿಗುರನ್ನು ಉಪ್ಪುಗಾಳಿ ಸುಡುತ್ತದೆ, ಆದ್ದರಿಂದ ಕೊಂಬೆಗಳೆಲ್ಲ ಊರಿನ ಕಡೆಗೇ ಚಾಚಿಕೊಳ್ಳುತ್ತವೆ. ಮಣ್ಣು ಗೇಣುದ್ದವೂ ಇಲ್ಲ, ಬೇರು ಕಲ್ಲಿನ ಬಿರುಕು ಹುಡುಕಿಕೊಂಡು ಹೋಗಬೇಕು. ಮಳೆಗಾಲದಲ್ಲಿ ಚಿಗುರಿದ್ದನ್ನು ಆಡು ಮೇಯುತ್ತದೆ, ಬೇಸಿಗೆಯಲ್ಲಿ ಉಳಿದದ್ದನ್ನು ಸೌದೆಗೆ ಬಂದವರ ಕತ್ತಿ ಸವರುತ್ತದೆ, ನಡುವೆ ಒಮ್ಮೆ ಬೇಣದ ಒಣಹುಲ್ಲಿಗೆ ಬೆಂಕಿ ಬಿದ್ದರೆ ಕಾಂಡದ ಒಂದು ಮಗ್ಗುಲು ಕಪ್ಪಾಗುತ್ತದೆ. ಮರ ಸಾಯುವುದಿಲ್ಲ, ಮತ್ತೆ ಬುಡದಿಂದ ಚಿಗುರುತ್ತದೆ. ಹೀಗೆ ಮೂವತ್ತು, ನಲವತ್ತು ವರ್ಷ.

ಬೋನ್ಸಾಯ್ ಮಾಡುವವರು ಮಾಡುವುದೂ ಇದನ್ನೇ. ಬೇರಿಗೆ ಜಾಗ ಕಡಿಮೆ ಕೊಡುವುದು, ಚಿಗುರು ಚಿವುಟುವುದು, ತಂತಿ ಸುತ್ತಿ ಕೊಂಬೆ ಬಾಗಿಸುವುದು, ಒಂದು ಮಗ್ಗುಲಿನ ತೊಗಟೆ ಸುಲಿದು ಸತ್ತ ಮರದ ಬಿಳುಪು ತೋರಿಸುವುದು. ಬೆಟ್ಟ ಇದನ್ನೆಲ್ಲ ಪುಕ್ಕಟೆ ಮಾಡಿಟ್ಟಿದೆ, ಅದೂ ಯಾವ ಮನುಷ್ಯನಿಗೂ ಬರದ ತಾಳ್ಮೆಯಿಂದ. ಆದ್ದರಿಂದಲೇ ಈ ಕಲೆಯಲ್ಲಿ ಪಳಗಿದವರಿಗೆ ಬೀಜ ಬಿತ್ತಿ ಬೆಳೆಸಿದ ಗಿಡಕ್ಕಿಂತ ಬೆಟ್ಟದಿಂದ ಕಿತ್ತು ತಂದ ಮರದ ಮೇಲೆ ಆಸೆ ಹೆಚ್ಚು. ಜಪಾನೀ ಭಾಷೆಯಲ್ಲಿ ಅಂಥ ಮರಕ್ಕೆ ಯಾಮಾದೋರಿ ಎನ್ನುತ್ತಾರೆ. ಯಾಮಾ ಎಂದರೆ ಬೆಟ್ಟ, ದೋರಿ ಎಂದರೆ ತೆಗೆದುಕೊಳ್ಳುವುದು. ಹೆಸರಿನಲ್ಲಿ ಮುಚ್ಚುಮರೆಯಿಲ್ಲ.

ಕುಂಡದಲ್ಲಿ ಮರ ಬೆಳೆಸುವ ಕಲೆ ಹುಟ್ಟಿದ್ದು ಚೀನಾದಲ್ಲಿ. ಕ್ರಿ.ಶ. 706ರ ಸುಮಾರಿಗೆ ಕಟ್ಟಿದ ತಾಂಗ್ ರಾಜಕುಮಾರ ಝಾಂಗ್‌ಹುವಾಯ್‌ನ ಗೋರಿಯ ಭಿತ್ತಿಚಿತ್ರದಲ್ಲಿ ಸೇವಕಿಯೊಬ್ಬಳು ಪುಟ್ಟ ಗಿಡ, ಕಲ್ಲುಗಳಿರುವ ತಟ್ಟೆಯನ್ನು ಹಿಡಿದು ನಿಂತಿದ್ದಾಳೆ. ಜಪಾನ್ ಅದನ್ನು ಕಲಿತು ತನ್ನದಾಗಿಸಿಕೊಂಡಿತು. ಅಲ್ಲಿ ಶಿಂಪಾಕು ಎಂಬ ಜುನಿಪರ್ ಮರಕ್ಕಾಗಿ ಜನ ಹಗ್ಗ ಕಟ್ಟಿಕೊಂಡು ಕಡಿದಾದ ಬಂಡೆಗಳಿಗೆ ಇಳಿದರು. ಇಳಿದಿಳಿದು, ಒಳ್ಳೆಯ ಮರಗಳು ಬಂಡೆಗಳ ಮೇಲೆ ಹೆಚ್ಚೇನೂ ಉಳಿಯಲಿಲ್ಲ. ಇಂದು ಆ ಮರಗಳ ಒಂದು ಬಗೆಯನ್ನು ‘ಇತೋಯಿಗಾವಾ’ ಎಂದು ಕರೆಯುತ್ತಾರೆ. ಅದು ಒಂದು ಊರಿನ ಹೆಸರು. ಮರ ಹೋದರೂ ಊರಿನ ಹೆಸರನ್ನಾದರೂ ಜೊತೆಗೆ ಕಳಿಸಿದ್ದಾರೆ. ಇದು ಸಣ್ಣ ವಿಷಯವಲ್ಲ, ಮುಂದೆ ಹೇಳುತ್ತೇನೆ.

ಕೀಳುವ ಕೆಲಸವನ್ನು ತಾತ್ಸಾರ ಮಾಡುವಂತಿಲ್ಲ. ಬಲ್ಲವರು ಒಂದೇ ದಿನ ಕೀಳುವುದಿಲ್ಲ. ಮೊದಲ ವರ್ಷ ಮರದ ಸುತ್ತ ಅರ್ಧ ಸುತ್ತು ಅಗೆದು ದಪ್ಪ ಬೇರು ಕತ್ತರಿಸಿ ಮಣ್ಣು ಮುಚ್ಚಿ ಬರುತ್ತಾರೆ, ಕತ್ತರಿಸಿದಲ್ಲಿ ಎಳೆಬೇರು ಹುಟ್ಟಲಿ ಎಂದು. ಮುಂದಿನ ವರ್ಷ ಉಳಿದರ್ಧ. ಆಮೇಲೆ ತಾಯಿಬೇರು ಕಡಿದು, ಬುಡದ ಮಣ್ಣು ಉದುರದಂತೆ ಒದ್ದೆ ಗೋಣಿಯಲ್ಲಿ ಕಟ್ಟಿ ತರುತ್ತಾರೆ. ತಂದದ್ದನ್ನು ನೇರ ತಟ್ಟೆಗೆ ಹಾಕುವುದಿಲ್ಲ. ಮರದ ಪೆಟ್ಟಿಗೆಯಲ್ಲಿ ದಪ್ಪ ಮರಳು ತುಂಬಿ ನೆಟ್ಟು, ನೆರಳಿನಲ್ಲಿಟ್ಟು, ಎರಡು ಮೂರು ವರ್ಷ ಕತ್ತರಿ ಮುಟ್ಟಿಸದೆ ಕಾಯುತ್ತಾರೆ. ನಮ್ಮ ಕರಾವಳಿಯಲ್ಲಿ ಗೋಳಿ, ಬಸರಿ, ಅಶ್ವತ್ಥಗಳಿಗೆ ಮಳೆ ಹಿಡಿದ ಮೇಲಿನ ದಿನಗಳೇ ಒಳ್ಳೆಯವು. ಅವು ಗಟ್ಟಿ ಜೀವಗಳು, ಬರೀ ಬೇರಿನ ಮೊಂಡು ಸಿಕ್ಕರೂ ಚಿಗುರುತ್ತವೆ. ಎಲ್ಲ ಮರಗಳೂ ಹಾಗಲ್ಲ. ಕಲ್ಲಿನ ಬಿರುಕಿನಲ್ಲಿ ಆಳಕ್ಕೆ ಹೋದ ಒಂದೇ ಬೇರಿನ ಮೇಲೆ ನಿಂತ ಕುಳ್ಳ ಮರವನ್ನು ಕಿತ್ತರೆ ಕೈಗೆ ಬರುವುದು ಕಾಂಡ ಮಾತ್ರ. ಅದು ಕೆಲವು ತಿಂಗಳು ಹಸಿರಾಗಿದ್ದು, ತನ್ನೊಳಗಿನ ದಾಸ್ತಾನು ತೀರಿದ ಮೇಲೆ ಒಣಗುತ್ತದೆ. ಪ್ರದರ್ಶನಕ್ಕೆ ಬರುವುದು ಬದುಕಿದ ಮರ. ಸತ್ತವುಗಳ ಲೆಕ್ಕವನ್ನು ಯಾರೂ ಮೇಜಿನ ಮೇಲೆ ಇಡುವುದಿಲ್ಲ.

ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮದ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ತೋಟ, ಬೆಂಗಳೂರಿನ ಲಾಲ್‌ಬಾಗ್‌ನ ಬೋನ್ಸಾಯ್ ತೋಟ, ಇವು ಈ ಕಲೆಯನ್ನು ನಮ್ಮ ಜನಸಾಮಾನ್ಯರ ಕಣ್ಣಿಗೆ ತಂದವು. ಮಕ್ಕಳನ್ನು ಕರೆದುಕೊಂಡು ಹೋಗಿ ನೋಡುವಂಥ ಜಾಗಗಳು. ನಾನು ಹೇಳಬೇಕಾದದ್ದು ಅವುಗಳ ಬಗ್ಗೆ ಅಲ್ಲ, ಊರೂರಿನ ಸಭಾಭವನಗಳಲ್ಲಿ ಆಗಾಗ ನಡೆಯುವ ಪ್ರದರ್ಶನಗಳ ಚೀಟಿಗಳ ಬಗ್ಗೆ. ಚೀಟಿಯಲ್ಲಿ ಗಿಡದ ಹೆಸರು ಇರುತ್ತದೆ, ಅದರ ವಯಸ್ಸು ಇರುತ್ತದೆ, ಶೈಲಿ ಇರುತ್ತದೆ, ‘ರಚನೆ’ ಎಂದು ಒಬ್ಬರ ಹೆಸರು ಇರುತ್ತದೆ. ವಯಸ್ಸು ಐವತ್ತು ಎಂದು ಬರೆದಿರುತ್ತದೆ, ರಚಿಸಿದವರ ವಯಸ್ಸು ನಲವತ್ತು ದಾಟಿರುವುದಿಲ್ಲ. ಈ ಹತ್ತು ವರ್ಷ ಎಲ್ಲಿಂದ ಬಂತು? ಯಾವ ಗುಡ್ಡದ್ದು? ಯಾವ ಬೇಲಿಯದ್ದು? ಚೀಟಿ ಬಾಯಿ ಬಿಡುವುದಿಲ್ಲ.

ಕಲಾವಿಮರ್ಶೆಯ ಮಾತಿನಲ್ಲಿ ಕೇಳುವುದಾದರೆ, ಈ ಕೃತಿಯ ಕರ್ತೃ ಯಾರು? ಕಿತ್ತವರಿಗೆ ಸಲ್ಲಬೇಕಾದದ್ದು ಖಂಡಿತ ಇದೆ. ಸಾವಿರ ಪೊದೆಗಳ ನಡುವೆ ಒಂದರಲ್ಲಿ ಮರ ಕಾಣುವ ಕಣ್ಣು ಎಲ್ಲರಿಗೂ ಇರುವುದಿಲ್ಲ. ಮೂರು ವರ್ಷ ಕತ್ತರಿ ಮುಟ್ಟದ ಸಂಯಮವೂ ಕಲೆಯೇ. ಆದರೆ ಆ ಬಾಗನ್ನು ಬಾಗಿಸಿದ್ದು ಗಾಳಿ, ಆ ಬುಡವನ್ನು ಚಪ್ಪಟೆ ಮಾಡಿದ್ದು ಕಲ್ಲು, ಆ ಗಂಟುಗಳನ್ನು ಮಾಡಿದ್ದು ಆಡಿನ ಹಲ್ಲು ಮತ್ತು ಸೌದೆ ಹೊರುವ ಹೆಂಗಸಿನ ಕತ್ತಿ. ಉತ್ತರ ಕನ್ನಡದಲ್ಲಿ ಅಡಿಕೆ ತೋಟದವರು ಸೊಪ್ಪಿನ ಬೆಟ್ಟದ ಮರಗಳನ್ನು ಸವರಿ ಸವರಿ ಮೊಂಡು ಮಾಡಿದ್ದನ್ನು ನೋಡಿದವರಿಗೆ ಇದು ಗೊತ್ತು. ಬೆಟ್ಟದ ಕುಳ್ಳ ಮರ ‘ಪ್ರಕೃತಿಯ ಕೊಡುಗೆ’ ಕೂಡ ಅಲ್ಲ. ಅದರಲ್ಲಿ ಬಡವರ ಒಲೆಯ ಲೆಕ್ಕವೂ ಇದೆ. ಪಿಯರ್ಸಿಯವರ ಕವಿತೆಯೊಂದಿಗೆ ನನ್ನ ತಕರಾರು ಇದೇ. ನಮ್ಮ ಕತೆಗಾರರು ಕುಂಡವನ್ನು ಬೈದು ಬೆಟ್ಟವನ್ನು ಹೊಗಳುತ್ತಾರೆ. ಮನೆಯಿಂದ ಹೊರಬಿದ್ದ ಹೆಣ್ಣು ಕತೆಯ ಕೊನೆಯಲ್ಲಿ ಬಯಲಿಗೆ ಬಂದು ಉಸಿರು ಬಿಡುತ್ತಾಳೆ. ಬಯಲಿನಲ್ಲೂ ಗಾಳಿ ಸುಡುತ್ತದೆ, ಅಲ್ಲೂ ಆಡು ಮೇಯುತ್ತದೆ ಎಂಬುದು ಬೀಡಿ ಕಟ್ಟುವ, ಮೀನು ಹೊರುವ ಹೆಂಗಸರಿಗೆ ಗೊತ್ತಿದೆ. ಅವರ ಕತೆಗೆ ಬೋನ್ಸಾಯ್ ರೂಪಕ ಸಾಲುವುದಿಲ್ಲ, ಗುಡ್ಡದ ಕವಳಿ ಬೇಕು.

ಸಂಗ್ರಹ ಎಂಬ ಪದ ನಮ್ಮ ಸಾಹಿತ್ಯಕ್ಕೆ ಹೊಸದಲ್ಲ. ಅಂಕೋಲೆಯ ಹಾಲಕ್ಕಿ ಒಕ್ಕಲಿಗರ ಹಾಡುಗಳನ್ನು ಎಷ್ಟೋ ಮಂದಿ ಸಂಗ್ರಹಿಸಿದರು. ಬಡಗೇರಿಯ ಸುಕ್ರಿ ಬೊಮ್ಮಗೌಡ ಅವರಿಗೆ 2017ರಲ್ಲಿ ಪದ್ಮಶ್ರೀ ಬಂತು, ಹಾಡಿದವರ ಹೆಸರು ಒಮ್ಮೆಯಾದರೂ ದೊಡ್ಡ ಅಕ್ಷರಗಳಲ್ಲಿ ಅಚ್ಚಾಯಿತು. ಅವರು 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಅದಕ್ಕೂ ಹಿಂದಿನ ಕಾಲದ ಜಾನಪದ ಸಂಗ್ರಹಗಳ ಮುಖಪುಟ ತೆಗೆದು ನೋಡಿ: ಸಂಗ್ರಾಹಕರ ಹೆಸರು ಮೇಲೆ, ಹಾಡಿದವರ ಹೆಸರು ಒಳಗೆಲ್ಲೋ, ಎಷ್ಟೋ ಬಾರಿ ಎಲ್ಲೂ ಇಲ್ಲ. ಪ್ರದರ್ಶನದ ಚೀಟಿಯ ಅನ್ಯಾಯ ಈ ಮುಖಪುಟದ ಅನ್ಯಾಯದ ತಮ್ಮ. ಒಂದು ವ್ಯತ್ಯಾಸ ಮಾತ್ರ ಇದೆ. ಹಾಡನ್ನು ಬರೆದುಕೊಂಡು ಹೋದ ಮೇಲೂ ಹಾಡು ಹಾಡಿದವಳ ಬಾಯಲ್ಲಿ ಉಳಿಯಿತು. ಮರವನ್ನು ಒಯ್ದ ಮೇಲೆ ಗುಡ್ಡದಲ್ಲಿ ಉಳಿಯುವುದು ಒಂದು ಗುಂಡಿ.

ಅದೇ ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡ ಕೂಡ ಕಾಡಿನಿಂದ ಸಂಗ್ರಹಿಸಿದವರೇ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ಮೊದಲು ದಿನಗೂಲಿಯಾಗಿ, ಆಮೇಲೆ ಖಾಯಂ ನೌಕರಳಾಗಿ ದುಡಿದರು. ಶಾಲೆಗೆ ಹೋದವರಲ್ಲ. ಯಾವ ಜಾತಿಯ ಮರದಲ್ಲಿ ಯಾವುದು ತಾಯಿಮರ, ಅದರ ಬೀಜವನ್ನು ಯಾವ ಹೊತ್ತಿನಲ್ಲಿ ಆರಿಸಬೇಕು ಎಂಬುದು ಅವರಿಗೆ ಗೊತ್ತಿತ್ತು. 2020ರ ಪದ್ಮಶ್ರೀ ಪಟ್ಟಿಯಲ್ಲಿ ಅವರ ಹೆಸರು ಬಂತು, 2021ರಲ್ಲಿ ರಾಷ್ಟ್ರಪತಿ ಭವನಕ್ಕೆ ಬರಿಗಾಲಲ್ಲಿ ನಡೆದು ಹೋದರು. 2024ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಅವರೂ ಕಾಡಿನ ಒಳ್ಳೆಯ ಮರವನ್ನು ಹುಡುಕಿಕೊಂಡೇ ಹೋಗುತ್ತಿದ್ದರು. ಸಿಕ್ಕ ಮೇಲೆ ಮರವನ್ನು ಅಲ್ಲೇ ಬಿಟ್ಟು ಬೀಜ ತರುತ್ತಿದ್ದರು.

ಉರ್ದುವಿನಲ್ಲಿ ಬರೆಯುವ ಲೇಖನಿಗೂ ‘ಕಲಮ್’ ಎನ್ನುತ್ತಾರೆ, ನೆಡಲು ಕತ್ತರಿಸಿದ ಕೊಂಬೆಗೂ ಕಸಿಗೂ ‘ಕಲಮ್’ ಎನ್ನುತ್ತಾರೆ. ಮರಾಠಿ, ಕೊಂಕಣಿಯವರ ಕಲಮೀ ಮಾವೂ ಇದೇ ಪದ. ಅಂಕೋಲೆಯ ಹೆಮ್ಮೆಯಾದ ಕರಿ ಈಶಾಡ ಮಾವಿಗೆ 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಆ ರುಚಿ ಒಂದು ತೋಟದಿಂದ ಇನ್ನೊಂದಕ್ಕೆ ಹೋಗುವುದು ಕಸಿಯಿಂದಲೇ. ಕೊಂಬೆ ಕೊಟ್ಟ ಮರ ಮರುವರ್ಷ ಅಲ್ಲೇ ಕಾಯಿ ಬಿಡುತ್ತದೆ. ಬೋನ್ಸಾಯ್‌ಗೂ ಈ ದಾರಿ ಮುಚ್ಚಿಲ್ಲ. ಜಪಾನೀ ಮೂಲದ ಅಮೆರಿಕನ್ ಜಾನ್ ನಾಕಾ ಅವರ ‘ಗೋಶಿನ್’ ಎಂಬ ಜುನಿಪರ್‌ಗಳ ಪುಟ್ಟ ಕಾಡು ಲೋಕಪ್ರಸಿದ್ಧ ಬೋನ್ಸಾಯ್. ಹನ್ನೊಂದು ಮೊಮ್ಮಕ್ಕಳಿಗೆ ಹನ್ನೊಂದು ಮರ. ಅದು ಬಂಡೆಯಿಂದ ಕಿತ್ತ ಮುದಿಮರವಲ್ಲ, 1948ರಲ್ಲಿ ಕೈಯಲ್ಲಿದ್ದ ಎರಡು ಗಿಡಗಳಿಂದ ಆರಂಭಿಸಿ ದಶಕಗಳ ಕಾಲ ಕೂಡಿಸುತ್ತ ಬಂದದ್ದು. ಕಿತ್ತು ತಂದ ಮರವಿಲ್ಲದೆ ಈ ಕಲೆ ಸೊರಗುತ್ತದೆ ಎನ್ನುವವರು ಗೋಶಿನ್ ಮುಂದೆ ನಿಂತು ಆ ಮಾತು ಹೇಳಲಿ.

ನಾನು ಈ ಕಲೆಯ ವೈರಿಯಲ್ಲ. ಜಪಾನಿನಲ್ಲಿ ‘ಹಾಚಿ ನೋ ಕಿ’ ಎಂಬ ನೋ ನಾಟಕವಿದೆ, ‘ಕುಂಡದ ಮರಗಳು’ ಎಂದರ್ಥ. ಹಿಮ ಸುರಿಯುವ ರಾತ್ರಿ ಬಡ ಯೋಧನೊಬ್ಬನ ಮನೆಗೆ ಸನ್ಯಾಸಿಯೊಬ್ಬ ಬರುತ್ತಾನೆ. ಸೌದೆಯಿಲ್ಲ. ಯೋಧ ತನ್ನ ಸಿರಿತನದ ದಿನಗಳಿಂದ ಉಳಿದ ಮೂರು ಕುಂಡದ ಮರಗಳನ್ನು, ಪ್ಲಮ್, ಚೆರ್ರಿ, ಪೈನ್, ಕಡಿದು ಒಲೆಗೆ ಹಾಕಿ ಅತಿಥಿಯನ್ನು ಬೆಚ್ಚಗಿಡುತ್ತಾನೆ. ಇದನ್ನು ಮೊದಲು ಓದಿದಾಗ ಉರ್ದು ಶಾಲೆಯಲ್ಲಿ ಕಲಿತ ಹಾತಿಂ ತಾಯಿಯ ಕುದುರೆ ನೆನಪಾಯಿತು. ಹಾತಿಂನ ಕುದುರೆಯನ್ನೇ ಕೇಳಲೆಂದು ದೂರದ ಸುಲ್ತಾನನ ದೂತ ಬರುತ್ತಾನೆ. ಮಳೆಯ ರಾತ್ರಿ, ಮನೆಯಲ್ಲಿ ಏನೂ ಇಲ್ಲ. ದೂತ ಬೆಳಿಗ್ಗೆ ಬಾಯಿ ತೆರೆಯುವಷ್ಟರಲ್ಲಿ ಆ ಕುದುರೆ ಹಿಂದಿನ ರಾತ್ರಿಯೇ ಅವನ ಊಟವಾಗಿರುತ್ತದೆ. ಸಾದಿಯ ‘ಬೋಸ್ತಾನ್’ನಲ್ಲಿ ಬರುವ ಕತೆ. ಎರಡು ದೂರದ ನಾಡುಗಳು ಅತ್ಯಂತ ಪ್ರೀತಿಯ ವಸ್ತುವಿನ ಬೆಲೆಯನ್ನು ಒಂದೇ ರೀತಿ ಕಟ್ಟಿವೆ: ಯಾರಿಗಾಗಿ ಅದನ್ನು ಬಿಟ್ಟುಕೊಡುತ್ತೀರಿ ಎಂಬುದರಿಂದ. ಇಂದಿನ ಮಾರುಕಟ್ಟೆ ಬೇರೆ ರೀತಿ ಕಟ್ಟುತ್ತದೆ. 2019ರ ಜನವರಿಯಲ್ಲಿ ಟೋಕಿಯೋ ಪಕ್ಕದ ಸೈತಾಮಾದಲ್ಲಿ ಒಂದು ತೋಟದಿಂದ ಏಳು ಬೋನ್ಸಾಯ್‌ಗಳು ಕಳುವಾದವು. ಅವುಗಳಲ್ಲಿ ನಾನೂರು ವರ್ಷ ಹಳೆಯ ಒಂದು ಶಿಂಪಾಕು ಇತ್ತು. ಕದ್ದವರು ಮರಕ್ಕೆ ದಯವಿಟ್ಟು ನೀರು ಹಾಕಲಿ ಎಂದು ಅದರ ಒಡೆಯರು ಬೇಡಿಕೊಂಡರು. ಓದಿದವರ ಕಣ್ಣು ತೇವವಾಗುವ ಮಾತು. ಆ ಮರವೂ ಮೂಲದಲ್ಲಿ ಬೆಟ್ಟದಿಂದ ತಂದದ್ದು. ಬೆಟ್ಟದ ಪರವಾಗಿ ಅಂಥ ಮನವಿ ಯಾವ ಪತ್ರಿಕೆಯಲ್ಲೂ ಬಂದಿರಲಾರದು.

ಇನ್ನು, ‘ಹೇಗೂ ಹೋಗುವ ಮರ, ನಾವಾದರೂ ಉಳಿಸಿದೆವು’ ಎಂಬ ಸಮರ್ಥನೆ. ಅಮದಳ್ಳಿಯಲ್ಲಿ ನಿಂತು ಈ ಮಾತನ್ನು ಸುಲಭವಾಗಿ ತಳ್ಳಿಹಾಕಲೂ ಆಗುವುದಿಲ್ಲ, ಒಪ್ಪಲೂ ಆಗುವುದಿಲ್ಲ. ಇದು ಅಗೆತ ಕಂಡ ನೆಲ. 1998ರಲ್ಲಿ ಪೂರ್ತಿಯಾಗಿ ತೆರೆದುಕೊಂಡ ಕೊಂಕಣ ರೈಲು ಈ ಬೆಟ್ಟಗಳನ್ನು ಕೊರೆದೇ ಹೋಗಿದೆ. ಹೆದ್ದಾರಿಯನ್ನು ಚತುಷ್ಪಥ ಮಾಡುವಾಗ ಗುಡ್ಡಗಳ ಪಕ್ಕೆ ಸೀಳಿದರು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದು ಜನರನ್ನು ನದಿಗೆ ಎಳೆದೊಯ್ದಿತು. ಯಂತ್ರ ಬರುವ ಮೊದಲು ಆ ಪಕ್ಕೆಗಳ ಕವಳಿ, ನೇರಳೆಗಳನ್ನು ಯಾರಾದರೂ ಅನುಮತಿ ಪಡೆದು ಎತ್ತಿ ಉಳಿಸಿದ್ದರೆ ನಾನು ಅವರ ಕೈ ಕುಲುಕುತ್ತಿದ್ದೆ. ಆದರೆ ‘ಹೇಗೂ ಹೋಗುವುದೇ’ ಎಂಬ ಮಾತು ಈ ಊರಿಗೆ ಮರಗಳ ವಿಷಯದಲ್ಲಿ ಮೊದಲು ಬಂದದ್ದಲ್ಲ. 1986ರಲ್ಲಿ ರಾಜೀವ್ ಗಾಂಧಿಯವರು ಶಿಲಾನ್ಯಾಸ ಮಾಡಿದ ಸೀಬರ್ಡ್ ನೌಕಾನೆಲೆಗಾಗಿ ಕಾರವಾರ, ಅಂಕೋಲೆಯ ಕಡಲ ದಂಡೆಯ ಸಾವಿರಾರು ಕುಟುಂಬಗಳು ಮನೆ ಬಿಟ್ಟವು. ಅಮದಳ್ಳಿ, ತೋಡೂರು, ಮುದಗಾಗಳಲ್ಲಿ ಅವರಿಗೆ ಪುನರ್ವಸತಿ ಕಾಲೊನಿಗಳಾದವು. ನೆಲೆಯ ಮೊದಲ ಹಂತ 2005ರ ಮೇ 31ರಂದು ಐಎನ್‌ಎಸ್ ಕದಂಬ ಎಂಬ ಹೆಸರಿನಲ್ಲಿ ಕಾರ್ಯಾರಂಭ ಮಾಡಿತು. ಪರಿಹಾರದ ಮೊಕದ್ದಮೆಗಳು ಅದಾದ ಮೇಲೂ ವರ್ಷಗಟ್ಟಲೆ ನಡೆದವು.

ಮನುಷ್ಯರನ್ನು ಮರಕ್ಕೆ ಹೋಲಿಸುವಾಗ ಹುಷಾರಾಗಿರಬೇಕು. ಮರ ನ್ಯಾಯಾಲಯಕ್ಕೆ ಹೋಗುವುದಿಲ್ಲ, ಜನ ಹೋದರು. ಆದರೂ ಕೀಳುವ ಕಸುಬು ಬಲ್ಲವರಿಗೆ ಗೊತ್ತಿರುವ ಒಂದು ಸಂಗತಿ ಊರು ಎಬ್ಬಿಸಿದವರಿಗೆ ಗೊತ್ತಿರಲಿಲ್ಲ. ಮೊದಲೇ ಅಗೆದು ಎಳೆಬೇರು ಬರುವವರೆಗೆ ಕಾಯಬೇಕು, ಹಳೆಯ ಮಣ್ಣನ್ನು ಬೇರಿನ ಜೊತೆ ಒಯ್ಯಬೇಕು, ಹೊಸ ಜಾಗದಲ್ಲಿ ಎರಡು ಮೂರು ವರ್ಷ ಏನನ್ನೂ ಕೇಳದೆ ನೆರಳು ಕೊಡಬೇಕು. ಮೀನುಗಾರರಿಗೆ ಹಳೆಯ ಮಣ್ಣು ಎಂದರೆ ದೋಣಿ ಎಳೆದು ನಿಲ್ಲಿಸುವ ದಂಡೆ. ಚೌಕಾಕಾರದ ನಿವೇಶನದಲ್ಲಿ ಅದು ಬರುವುದಿಲ್ಲ.

ಕಾನೂನಿನ ಮಾತು ಚಿಕ್ಕದು. 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಮೀಸಲು ಅರಣ್ಯದಿಂದ ಅನುಮತಿಯಿಲ್ಲದೆ ಗಿಡ ಕೀಳುವುದು ಅಪರಾಧ, ಅದು ಮೊಣಕಾಲೆತ್ತರದ್ದಾದರೂ ಸರಿ. ಕಾಯ್ದೆ ಕುಳ್ಳ, ಉದ್ದ ಎಂದು ಭೇದ ಮಾಡಿಲ್ಲ. ಸೌದೆಯ ಹೊರೆ ಹೊತ್ತ ಹೆಂಗಸನ್ನು ಗಾರ್ಡು ತಡೆಯುತ್ತಾನೆ. ಕಾರಿನ ಡಿಕ್ಕಿಯಲ್ಲಿ ಗೋಣಿ ಸುತ್ತಿದ ಕವಳಿಯನ್ನು ಯಾರು ತೆರೆದು ನೋಡುತ್ತಾರೆ?

ಚೀಟಿಯ ವಿಷಯಕ್ಕೆ ಮರಳುತ್ತೇನೆ. ಅಮೆರಿಕದ ವಾಷಿಂಗ್ಟನ್‌ನ ರಾಷ್ಟ್ರೀಯ ಸಸ್ಯೋದ್ಯಾನದಲ್ಲಿ ಒಂದು ಬಿಳಿ ಪೈನ್ ಇದೆ. 1625ರಿಂದ ಕುಂಡದಲ್ಲಿ ಬೆಳೆದದ್ದು ಎಂದು ಲೆಕ್ಕ. 1945ರ ಆಗಸ್ಟ್ 6ರಂದು ಹಿರೋಶಿಮಾದ ಮೇಲೆ ಬಾಂಬು ಬಿದ್ದಾಗ ಆ ಊರಿನ ಯಾಮಾಕಿ ಮನೆತನದ ಅಂಗಳದಲ್ಲಿ, ಗೋಡೆಯ ಮರೆಯಲ್ಲಿದ್ದು ಬದುಕಿತು. 1976ರಲ್ಲಿ ಅದನ್ನು ಅಮೆರಿಕಕ್ಕೆ ಉಡುಗೊರೆ ಕೊಟ್ಟಾಗ ಬಾಂಬಿನ ಮಾತನ್ನು ದೊಡ್ಡದು ಮಾಡಲಿಲ್ಲ. ಆ ಕತೆ ಹೊರಗೆ ಬಂದದ್ದು 2001ರಲ್ಲಿ ಮೊಮ್ಮಕ್ಕಳು ನೋಡಲು ಬಂದಾಗ. ಮೂಲ ಮಿಯಾಜಿಮಾ ದ್ವೀಪ ಎಂಬುದೂ ಆ ಮರದೊಂದಿಗೆ ಉಳಿದು ಬಂದಿದೆ. ಚೀಟಿ ಎಂದರೆ ಅದು. ಇದರ ಮುಂದೆ ನಮ್ಮ ‘ವಯಸ್ಸು 50, ರಚನೆ ಇಂಥವರು’ ಎಷ್ಟು ಬಡವಾಗಿ ಕಾಣುತ್ತದೆ!

ಕಿತ್ತು ಬೆಳೆಸಲೇಬೇಕು ಎನ್ನುವವರಿಗೆ ನಮ್ಮ ಊರುಗಳಲ್ಲಿ ಗುಡ್ಡ ಹತ್ತದೆಯೂ ಮರಗಳು ಸಿಗುತ್ತವೆ. ಹಕ್ಕಿಯ ಹಿಕ್ಕೆಯಿಂದ ಬಿದ್ದ ಗೋಳಿ, ಅಶ್ವತ್ಥದ ಬೀಜ ಹಳೆಯ ಹೆಂಚಿನ ಮನೆಯ ಗೋಡೆಯಲ್ಲಿ, ಪಾಳುಬಾವಿಯ ಕಟ್ಟೆಯಲ್ಲಿ ಮೊಳೆತು ಹತ್ತಾರು ವರ್ಷ ಅಲ್ಲೇ ಗಂಟುಗಟ್ಟಿರುತ್ತದೆ. ಬಿಟ್ಟರೆ ಗೋಡೆ ಬೀಳುತ್ತದೆ, ಆದ್ದರಿಂದ ಮನೆಯವರು ಬುಡಕ್ಕೆ ಆಸಿಡ್ ಸುರಿಯುತ್ತಾರೆ. ಅಶ್ವತ್ಥವಾದರೆ ಸ್ವತಃ ಕಡಿಯಲು ಅಂಜುತ್ತಾರೆ. ಅಂಥ ಹೊತ್ತಿನಲ್ಲಿ ನಮ್ಮ ಕೇರಿಯ ಯಾವನಾದರೂ ಹುಡುಗನಿಗೆ ಕರೆ ಬರುತ್ತದೆ, ಪಾಪ ಹೊರುವ ಕೂಲಿಯೂ ಸೇರಿಸಿ ಕೊಡುತ್ತಾರೆ. ಆ ಹುಡುಗನ ಕೈ ತಡೆದು ಮರ ಇಳಿಸಿಕೊಳ್ಳಬಹುದು. ಮಳೆ ಹಿಡಿದ ಮೇಲೆ, ಗಾರೆ ಕೆತ್ತಿ, ಒಂದೆರಡು ಚಿರೆಕಲ್ಲು ಸಡಿಲಿಸಿ ತೆಗೆದರೆ ಕಲ್ಲುಗಳ ಸಂದಿಯಲ್ಲಿ ಪಟ್ಟಿಯ ಹಾಗೆ ಚಪ್ಪಟೆಯಾಗಿ ಹರಡಿದ ಬೇರು ಸಿಗುತ್ತದೆ. ಅದನ್ನು ಉಂಡೆ ಮಾಡಿ ಕತ್ತರಿಸುವವರೇ ಹೆಚ್ಚು. ಹಾಗೇ ಬಿಟ್ಟರೆ ಯಾವ ಕಲ್ಲು ಎಲ್ಲಿತ್ತು ಎಂಬುದು ಬೇರಿನ ಮೇಲೆ ಓದುವ ಹಾಗೆ ಇರುತ್ತದೆ. ಚೀಟಿಯಲ್ಲಿ ಬರೆಯಲು ಒಂದು ಸಾಲು ಸಾಕು: ಗೋಳಿ, ಅಮದಳ್ಳಿ, ಕೆಡವಿದ ಮನೆಯ ಪಡುಗೋಡೆ.